ಮನೆ ಮುಂದಿನ ಒಂದು ಮರ, ಒಂದು ನೋಟ್‌ಬುಕ್, ದಿನಕ್ಕೆ ಹತ್ತು ನಿಮಿಷ: ಶುರು ಮಾಡೋದು ಹೇಗೆ

ಮೂರು ವರ್ಷದ ಹಿಂದೆ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ಆಸ್ಪತ್ರೇಲಿದ್ದ ಅಷ್ಟೂ ದಿನ ರೂಮಿನ ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ಗೋಡೆ, ಅದರ ಮೇಲೆ ಎರಡು ಏಸಿ ಡಬ್ಬ, ಅಷ್ಟೇ. ಮನೆಗೆ ಬಂದ್ಮೇಲೆ ಡಾಕ್ಟರು ಕೆಳಗೆ ಕೂರ್ಬೇಡಿ, ಬಗ್ಗಬೇಡಿ ಅಂದಿದ್ರಲ್ಲ, ಮದುವೆ ಆದಾಗಿಂದ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ದ ಕೈ ಸುಮ್ನೆ ಮಡಿಲಲ್ಲಿ ಕೂತ್ಬಿಡ್ತು. ಟಿವಿ ಹಾಕಿದ್ರೆ ಬೇಡ ಅಂತಿದ್ರು, ಫೋನ್ ಕೊಟ್ರೆ ಬೇಡ ಅಂತಿದ್ರು. ಒಂದಿನ ಬೆಳಗ್ಗೆ ಆಫೀಸಿಗೆ ಹೊರಡೋ ಗಡಿಬಿಡೀಲಿ ಒಂದು ಹಳೇ ಖಾಲಿ ಡೈರಿ, ಪೆನ್ನು ಕೊಟ್ಟು ಇದ್ರಲ್ಲೇ ಚುಕ್ಕಿ ಇಡಮ್ಮ ಅಂದೆ. ಎರಡು ದಿನ ಚುಕ್ಕಿ ಇಟ್ಟು ಎಳೆ ಎಳೆದ್ರು. ಮೂರನೇ ದಿನ ನಾನು ಸಾಯಂಕಾಲ ಬಂದಾಗ ಕಿಟಕಿ ಎದುರಿನ ಹೊಂಗೆ ಮರದ ಒಂದು ಕಡ್ಡಿ ಎಲೆ ಬರೆದಿಟ್ಟಿದ್ರು. "ನೋಡೇ, ನಾನು ಇಷ್ಟು ದಿನ ಎಲ್ಲಾ ಜೋಡಿ ಎಲೆ ಅನ್ಕೊಂಡಿದ್ದೆ, ತುದೀಲಿ ಒಂದು ಒಂಟಿ ಇದೆ" ಅಂದ್ರು. ನಾನು ಆ ಮನೇಲಿ ಏಳು ವರ್ಷದಿಂದ ಇದ್ದೆ, ದಿನಾ ಆ ಮರದ ಕೆಳಗೇ ಗಾಡಿ ನಿಲ್ಲಿಸ್ತಿದ್ದೆ, ನನಗೂ ಗೊತ್ತಿರಲಿಲ್ಲ.

ಅವತ್ತಿಂದ ನಾವಿಬ್ರೂ ಆ ಮರ ಬರೀತಾ ಇದ್ದೀವಿ. ಈಗ ಆರನೇ ಪುಸ್ತಕ ನಡೀತಿದೆ. ಯಾರಾದ್ರೂ ಮನೆಗೆ ಬಂದಾಗ ನೋಡಿ, ನಮಗೂ ಹೇಗೆ ಅಂತ ಹೇಳಿಕೊಡಿ ಅಂತಾರೆ, ಅದಕ್ಕೆ ಗೊತ್ತಿರೋದನ್ನೆಲ್ಲ ಒಂದ್ಕಡೆ ಬರೀತಿದ್ದೀನಿ. ಇದಕ್ಕೆ ಡ್ರಾಯಿಂಗ್ ಬರ್ಬೇಕು ಅಂತ ಇಲ್ಲ. ಚಿತ್ರ ಚೆನ್ನಾಗಿ ಬರೋದು ಆಮೇಲಿನ ಮಾತು, ಬರೆಯೋಕೆ ಕೂತಾಗ ಕಣ್ಣು ಒಂದೇ ಕಡೆ ಹತ್ತು ನಿಮಿಷ ನಿಲ್ಲತ್ತಲ್ಲ, ಅದಕ್ಕೋಸ್ಕರ ಇದೆಲ್ಲ.

ಒಂದು ವಿಷಯ ಹೇಳ್ಬಿಡ್ತೀನಿ. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋರು ಸೈನ್ಸ್ ಪತ್ರಿಕೇಲಿ ಒಂದು ಲೇಖನ ಬರೆದಿದ್ರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೇಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ತೆಗೆದು ನೋಡಿದ್ರು, 23 ಜನರ ಕಿಟಕಿ ಹೊರಗೆ ಮರಗಳು, ಇನ್ನು 23 ಜನರ ಕಿಟಕಿಗೆ ಇಟ್ಟಿಗೆ ಗೋಡೆ. ಮರ ಕಾಣ್ತಿದ್ದವರು ಸ್ವಲ್ಪ ಬೇಗ ಡಿಸ್ಚಾರ್ಜ್ ಆಗಿದ್ರು, ಜೋರಾದ ನೋವಿನ ಔಷಧಿನೂ ಅವರಿಗೆ ಕಡಿಮೆ ಸಾಕಾಗಿತ್ತು. ಸಣ್ಣ ಅಧ್ಯಯನ, ಮರ ನೋಡಿದ್ರೆ ಕಾಯಿಲೆ ವಾಸಿ ಆಗತ್ತೆ ಅಂತ ಯಾರೂ ಅರ್ಥ ಮಾಡ್ಕೋಬೇಡಿ, ಫಿಸಿಯೋಥೆರಪಿ ಮಾಡ್ಲೇಬೇಕು ಮಾತ್ರೆ ನುಂಗ್ಲೇಬೇಕು. ಆದ್ರೆ ಆ ಏಸಿ ಡಬ್ಬ ನೋಡ್ಕೊಂಡು ಮಲಗಿದ್ದ ಅಮ್ಮನ ಮುಖ ನೆನೆಸ್ಕೊಂಡ್ರೆ ನನಗೆ ಆ ಇಟ್ಟಿಗೆ ಗೋಡೆ ಕಡೆಯವರ ಬಗ್ಗೆ ಇವತ್ತಿಗೂ ಸಂಕಟ ಆಗತ್ತೆ.

ಮೊದಲು ಮರ ಗೊತ್ತು ಮಾಡ್ಕೊಳ್ಳಿ

ಚೆಂದದ ಮರ ಹುಡುಕ್ಕೊಂಡು ಹೋಗ್ಬೇಡಿ. ದಿನಾ ಕಣ್ಣಿಗೆ ಬೀಳೋ ಮರ ಬೇಕು. ಬಾಲ್ಕನಿಯಿಂದ ಕಾಣೋದು, ಬಸ್ ಸ್ಟಾಪಿನ ಪಕ್ಕದ್ದು, ಮಗೂನ ಸ್ಕೂಲಿಗೆ ಬಿಡೋ ದಾರೀದು, ಆಫೀಸ್ ಕ್ಯಾಂಟೀನ್ ಎದುರಿಂದು. ಅದನ್ನ ನೋಡೋಕೆ ಅಂತ ಗಾಡಿ ತೆಗೀಬೇಕು ಅಂದ್ರೆ ಎರಡನೇ ವಾರಕ್ಕೆ ನಿಂತುಹೋಗತ್ತೆ, ನನ್ನ ಗೆಳತಿ ಒಬ್ಬಳು ಕೆರೆ ಏರಿ ಮೇಲಿನ ಮರ ಆರಿಸ್ಕೊಂಡು ಹೀಗೇ ಆಯ್ತು.

ಹೊಂಗೆ ಇದ್ರೆ ಕಣ್ಣು ಮುಚ್ಕೊಂಡು ಹೊಂಗೇನೇ ಆರಿಸಿ ಅಂತೀನಿ, ನಮ್ಮನೇದು ಅಂತ ಪಕ್ಷಪಾತ ಇರ್ಬಹುದು, ಆದ್ರೆ ವರ್ಷಪೂರ್ತಿ ಅದರಲ್ಲಿ ಏನಾದ್ರೂ ಒಂದು ನಡೀತಾ ಇರತ್ತೆ. ಬಿಸಿಲು ಏರ್ತಿದ್ದ ಹಾಗೆ ಹಳೇ ಎಲೆ ಹಳದಿಯಾಗಿ ಉದುರತ್ತೆ, ಯುಗಾದಿ ಹತ್ರ ಬಂತು ಅನ್ನೋವಾಗ ಚಿಗುರು ಬರತ್ತೆ, ಚಿಗುರು ಮೊದಲು ತಾಮ್ರದ ಕೆಂಪು, ಆಮೇಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ಎಳೆ ಹಸಿರು. ಅದಾದ್ಮೇಲೆ ಹೂವು, ಬಿಳಿ ಅಂತ ದೂರದಿಂದ ಕಾಣತ್ತೆ, ಕೈಯಲ್ಲಿ ಹಿಡಿದ್ರೆ ತಿಳಿ ನೇರಳೆ, ಅವರೆ ಹೂವಿನ ತರಾನೇ ಇರತ್ತೆ, ಯಾಕಂದ್ರೆ ಹೊಂಗೇನೂ ಅದೇ ಕುಟುಂಬದ್ದು. ಬೆಳಗ್ಗೆ ಎದ್ರೆ ರಸ್ತೆ ತುಂಬ ಹೂವು, ಮೇಲೆ ಜೇನುಹುಳದ ಗುಂಯ್‌ ಅನ್ನೋ ಶಬ್ದ. ಕಾಯಿ ಚಪ್ಪಟೆ, ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ತಾನಾಗೇ ಒಡೆಯಲ್ಲ, ತಿಂಗಳುಗಟ್ಟಲೆ ಹಾಗೇ ನೇತಾಡ್ತಾ ಇರತ್ತೆ. ಆ ಬೀಜದ ಎಣ್ಣೇಲೇ ಹಿಂದೆ ದೀಪ ಹಚ್ಚುತ್ತಿದ್ದಿದ್ದು, ಹಿಂಡಿ ಹೊಲಕ್ಕೆ ಗೊಬ್ಬರ. ಎಲೆ ಮೇಲೆ ಗುಳ್ಳೆ ಗುಳ್ಳೆ ಗಂಟು ಕಂಡ್ರೆ ಹೆದರ್ಬೇಡಿ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮಾಡಿರೋ ಮನೆಗಳು ಅವು, ಬರೆಯೋಕೆ ತುಂಬಾ ಚೆನ್ನಾಗಿರತ್ತೆ.

ಬೆಂಗಳೂರಲ್ಲಿ ಇರೋರಿಗೆ ಆಯ್ಕೆ ಬೇಕಾದಷ್ಟಿದೆ. ಗುಲ್‌ಮೊಹರ್ ಮಡಗಾಸ್ಕರಿಂದ ಬಂದಿದ್ದು, ಜಕರಂಡ, ಗುಲಾಬಿ ಟಬೂಬಿಯ ಇವೆಲ್ಲ ಅಮೆರಿಕ ಖಂಡದ ಕಡೆಯವು, ಹೊಂಗೆ ಬೇವು ನಮ್ಮವು. ಒಂದು ಹೂ ಮುಗಿಯೋದ್ರೊಳಗೆ ಇನ್ನೊಂದು ಶುರು ಆಗೋ ಹಾಗೆ ಬೀದಿಗೆ ಮರ ಹಾಕ್ಬೇಕು ಅನ್ನೋ ಯೋಚನೆಯ ಹಿಂದೆ ದೊಡ್ಡ ಹೆಸರು ಕೃಂಬಿಗಲ್ ಅವರದ್ದು. ಜರ್ಮನಿಯವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು ಲಾಲ್‌ಬಾಗ್ ನೋಡ್ಕೊಂಡ್ರು, 1956ರಲ್ಲಿ ಇದೇ ಊರಲ್ಲೇ ತೀರ್ಕೊಂಡ್ರು. ಟ್ರಾಫಿಕ್ಕಲ್ಲಿ ನಿಂತಾಗ ತಲೆ ಮೇಲೆ ಗುಲಾಬಿ ಹೂ ಕಂಡ್ರೆ ನನಗೆ ಅವರ ನೆನಪಾಗತ್ತೆ, ನಾವ್ಯಾರೂ ಹುಟ್ಟೋ ಮುಂಚೆ ಒಬ್ಬರು ಕೂತು ನಮ್ಮ ಕಣ್ಣಿಗೆ ಅಂತ ತಿಂಗಳು ತಿಂಗಳು ಲೆಕ್ಕ ಹಾಕಿದ್ರಲ್ಲ ಅಂತ.

ಮರಾನೇ ಇಲ್ಲ, ಹದಿನಾಲ್ಕನೇ ಫ್ಲೋರು, ಬರೀ ಆಕಾಶ ಅಂತೀರಾ, ಕುಂಡದಲ್ಲಿ ಒಂದು ದೊಡ್ಡಪತ್ರೆ ಕಡ್ಡಿ ನೆಡಿ. ಬೇಗ ಬೇರು ಬಿಡತ್ತೆ, ಆ ಎಲೆ ಅಂಚಿನ ಕಚ್ಚು ಬರೆಯೋದೇ ಒಂದು ಕೆಲಸ.

ಸಾಮಾನು

ಜಾಸ್ತಿ ತಗೋಬೇಡಿ. ಗೆರೆ ಇಲ್ಲದ ಒಂದು ಪುಸ್ತಕ, ಅಂಗೈಗಿಂತ ಸ್ವಲ್ಪ ದೊಡ್ಡದು, ಹೆಚ್‌ಬಿ ಪೆನ್ಸಿಲ್ ಒಂದು, 2ಬಿ ಒಂದು, ಮನೇಲಿರೋ ಬಾಲ್ ಪೆನ್ನು. ರಬ್ಬರ್ ಮೊದಲ ತಿಂಗಳು ಬೇಡ, ಅಳಿಸ್ತಾ ಕೂತ್ರೆ ಹತ್ತು ನಿಮಿಷ ಅದ್ರಲ್ಲೇ ಹೋಗತ್ತೆ. ತಪ್ಪು ಗೆರೆ ಹಾಗೇ ಇರ್ಲಿ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೀರಿ. ಬಣ್ಣ ಹಚ್ಚೋ ಆಸೆ ಇದ್ರೆ ಪೇಪರ್ ಸ್ವಲ್ಪ ದಪ್ಪ ಇರ್ಬೇಕು, ಅಂಗಡೀಲಿ 150 ಜಿಎಸ್‌ಎಂ ಕಾರ್ಟ್ರಿಡ್ಜ್ ಅಂತ ಕೇಳಿ ಕೊಡ್ತಾರೆ, ತೆಳ್ಳಗಿರೋ ಹಾಳೆಗೆ ನೀರು ಬಿದ್ರೆ ಹಪ್ಪಳದ ಹಾಗೆ ಸುರುಟ್ಕೊಳ್ಳತ್ತೆ. ಮಕ್ಕಳ ಹನ್ನೆರಡು ಬಿಲ್ಲೆ ವಾಟರ್ ಕಲರ್ ಡಬ್ಬಿ ಧಾರಾಳ ಸಾಕು. ಪುಸ್ತಕ ಬೀರು ಒಳಗೆ ಇಡ್ಬೇಡಿ, ಅದು ಮುಖ್ಯ. ನಮ್ಮನೇಲಿ ಕಾಫಿ ಲೋಟ ಇಡೋ ಕಿಟಕಿ ಕಟ್ಟೆ ಮೇಲೇ ಇರತ್ತೆ, ಕಾಫಿ ಕುಡಿಯೋ ಹೊತ್ತೇ ಬರೆಯೋ ಹೊತ್ತು, ಬೇರೆ ಟೈಮ್ ಹುಡುಕಿದ್ರೆ ಸಿಗೋದೇ ಇಲ್ಲ.

ಮೊದಲ ಹದಿನೈದು ದಿನ

ಇಡೀ ಮರ ಬರೆಯೋಕೆ ಹೋಗ್ಬೇಡಿ ದಯವಿಟ್ಟು. ಎಲ್ರೂ ಮಾಡೋದು ಅದೇ, ಒಂದು ಕಂಬ ಬರೆದು ಮೇಲೆ ಮೋಡದ ತರ ಒಂದು ಗುಡ್ಡೆ ಹಾಕಿ, ಛೆ ನನಗೆ ಬರಲ್ಲ ಅಂತ ಮುಚ್ಚಿಟ್ಬಿಡ್ತಾರೆ. ಬಿದ್ದಿರೋ ಒಂದು ಎಲೆ ಎತ್ಕೊಂಡು ಬನ್ನಿ.

ಮೊದಲ ದಿನ ಎಲೇನ ಎದುರಿಗೆ ಇಟ್ಕೊಂಡು ಪೇಪರ್ ನೋಡದೆ ಬರೀರಿ. ಕಣ್ಣು ಎಲೆ ಅಂಚಿನ ಮೇಲೆ ಇರುವೆ ಹೋಗೋ ಹಾಗೆ ನಿಧಾನಕ್ಕೆ ಹೋಗ್ಬೇಕು, ಕೈ ಅದರ ಜೊತೆ ಪೇಪರ್ ಮೇಲೆ ಹೋಗ್ಬೇಕು, ಎರಡೂ ಒಂದೇ ಸ್ಪೀಡಲ್ಲಿ, ಮುಗಿಯೋ ತನಕ ಕೆಳಗೆ ನೋಡೋ ಹಾಗಿಲ್ಲ. ಚಿತ್ರ ಸೊಟ್ಟಪಟ್ಟ ಬರತ್ತೆ, ಬರ್ಲಿ. ನಾವು ಸಾಮಾನ್ಯವಾಗಿ ಎಲೆ ಅಂದ್ರೆ ತಲೇಲಿರೋ ಎಲೇನ ಬರೀತೀವಿ, ಎದುರಿಗಿರೋದನ್ನ ನೋಡೋದೇ ಇಲ್ಲ, ಆ ಅಭ್ಯಾಸ ಬಿಡ್ಸೋಕೆ ಇದರಷ್ಟು ಒಳ್ಳೇ ದಾರಿ ನನಗೆ ಬೇರೆ ಸಿಕ್ಕಿಲ್ಲ. ನಾಲ್ಕೈದು ದಿನ ಇದನ್ನೇ ಮಾಡಿ, ಬೇರೆ ಬೇರೆ ಎಲೆ ಇಟ್ಕೊಂಡು, ಹುಳ ತಿಂದಿರೋದು, ಅರ್ಧ ಒಣಗಿರೋದು.

ಆಮೇಲೆ ಎರಡು ಎಲೆ ನಡುವೆ ಇರೋ ಖಾಲಿ ಜಾಗ ಬರೀರಿ. ಕೊಂಬೆಗಳ ಮಧ್ಯೆ ಆಕಾಶದ ತುಂಡು ಕಾಣತ್ತಲ್ಲ, ಆ ತುಂಡಿನ ಆಕಾರ ಬರೆದ್ರೆ ಕೊಂಬೆ ತಾನಾಗೇ ಸರಿಯಾಗಿ ಬಂದಿರತ್ತೆ. ರಂಗೋಲಿ ಬಿಡೋರಿಗೆ ಇದು ಬೇಗ ಹಿಡಿಯತ್ತೆ, ಯಾಕಂದ್ರೆ ಅವರ ಕಣ್ಣು ಆಗಲೇ ಎಳೆ ಜೊತೆ ಎಳೆ ನಡುವಿನ ನೆಲಾನೂ ನೋಡಿ ನೋಡಿ ಪಳಗಿರತ್ತೆ. ಅಮ್ಮನ ಕೊಂಬೆಗಳು ನನ್ನದಕ್ಕಿಂತ ಯಾವಾಗ್ಲೂ ಚೆನ್ನಾಗಿ ಬರೋದು ಇದಕ್ಕೇ ಇರ್ಬೇಕು.

ತೊಗಟೆಗೆ ಮೇಣದ ಬಳಪ ತಗೊಳ್ಳಿ. ತೆಳು ಹಾಳೇನ ಕಾಂಡಕ್ಕೆ ಒತ್ತಿ ಹಿಡಿದು ಬಳಪಾನ ಅಡ್ಡ ಮಲಗಿಸಿ ಉಜ್ಜಿದ್ರೆ ತೊಗಟೆಯ ಗೀರೆಲ್ಲ ಮೂಡತ್ತೆ. ಎಲೆಗೂ ಹಾಗೇ, ನರ ಉಬ್ಬಿರೋ ಹಿಂಬದಿ ಮೇಲೆ ಬರೋ ಹಾಗೆ ಇಟ್ಟು ಮೇಲೆ ಹಾಳೆ. ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡ್ರೆ ಇದ್ರಿಂದಲೇ ಶುರು ಮಾಡಿ.

ಒಂದಿನ ಮರದ ಸುತ್ತಳತೆ ತಗೊಂಡು ಬರೆದಿಡಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೈಲರ್ ಟೇಪು ಅಥವಾ ದಾರ ಸುತ್ತಿ. ಆ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಮೊಳೆ ಮಾತ್ರ ಹೊಡೀಬೇಡಿ.

ಪಕ್ಕದಲ್ಲಿ ಮೂರು ಸಾಲು

ಪ್ರತಿ ಚಿತ್ರದ ಕೆಳಗೆ ತಾರೀಖು, ಹೊತ್ತು, ಬಿಸಿಲೋ ಮೋಡವೋ ಮಳೆಯೋ ಅಂತ ಬರೀರಿ, ಜೊತೆಗೆ ಅವತ್ತು ಹೊಸದಾಗಿ ಕಂಡ ಒಂದೇ ಒಂದು ವಿಷಯ. ಕವಿತೆ ಬೇಡ. "ಮೊಗ್ಗು ಗೋಧಿ ಕಾಳಿಗಿಂತ ಸಣ್ಣ", "ಅಳಿಲು ಪೂರ್ವದ ಕೊಂಬೆಗೆ ನಾರು ಒಯ್ತಿದೆ", ಇಷ್ಟೇ. ಚಿತ್ರ ಬರೆಯೋಕೆ ಮನಸ್ಸಿಲ್ಲದ ದಿನ ಈ ಮೂರು ಸಾಲಾದ್ರೂ ಬರೆದ್ರೆ ದಾರ ಕಡಿಯಲ್ಲ. ಅಮ್ಮ ಇದ್ರ ಜೊತೆ ಅವತ್ತಿನ ತಿಥಿನೂ ಹಾಕ್ತಾರೆ, ಒಂದೊಂದ್ಸಲ ತಿಂಡಿ ಏನು ಅಂತನೂ, ಈಗ ತಿರುಗಿಸಿ ನೋಡಿದ್ರೆ ಮನೆಯ ಕತೆನೂ ಮರದ ಕತೆನೂ ಒಂದೇ ಪುಟದಲ್ಲಿದೆ.

ಬಣ್ಣ, ಅಡುಗೆಮನೆಯಿಂದಲೂ

ಡಬ್ಬೀಲಿರೋ ಹಸಿರನ್ನ ಹಾಗೇ ಹಚ್ಬೇಡಿ, ಪ್ಲಾಸ್ಟಿಕ್ ಎಲೆ ತರ ಕಾಣತ್ತೆ. ಹಳದಿಗೆ ಚೂರೇ ಚೂರು ನೀಲಿ ಹಾಕಿದ್ರೆ ಹೊಂಗೆಯ ಎಳೆ ಎಲೆ, ನೀಲಿ ಜಾಸ್ತಿ ಮಾಡಿ ಒಂದು ಚೂರು ಕೆಂಪೋ ಕಂದೋ ಸೇರಿಸಿದ್ರೆ ಬಲಿತ ಎಲೆ. ಮೊದಲು ತೆಳು ಬಣ್ಣ, ಒಣಗಿದ್ಮೇಲೆ ಅದರ ಮೇಲೆ ಗಾಢ. ಬೆಳಕು ಬಿದ್ದ ಜಾಗಕ್ಕೆ ಏನೂ ಹಚ್ಬೇಡಿ, ಪೇಪರಿನ ಬಿಳೀನೇ ಬೆಳಕು.

ಡಬ್ಬಿ ಇಲ್ಲ ಅಂದ್ರೂ ನಡೆಯತ್ತೆ. ಅರಿಶಿನ ನೀರಲ್ಲಿ ಕಲಸಿದ್ರೆ ಹಳದಿ, ಅದಕ್ಕೆ ವೀಳ್ಯದೆಲೆಗೆ ಹಚ್ಚೋ ಸುಣ್ಣ ಉಗುರು ತುದೀಲಿ ಹಾಕಿದ್ರೆ ಕೆಂಪು, ಆರತಿ ತಟ್ಟೆಯ ಓಕುಳಿ ನೀರು ಅದೇ ತಾನೆ. ಕಾಫಿ ಡಿಕಾಕ್ಷನ್ ಕಾಂಡಕ್ಕೆ ಬಹಳ ಚೆನ್ನಾಗಿ ಕೂರತ್ತೆ, ಒಂದು ಸಲ ಹಚ್ಚಿ ಒಣಗಿಸಿ ಮತ್ತೆ ಹಚ್ಚಿದ್ರೆ ನೆರಳಿನ ಕಡೆನೂ ಬರತ್ತೆ. ಅರಿಶಿನದ ಬಣ್ಣ ಬಿಸಿಲಿಗೆ ಬಿಳಿಚ್ಕೊಳ್ಳತ್ತೆ, ಹಾಗಾಗಿ ಅದನ್ನ ಗೋಡೆಗೆ ಅಂಟಿಸ್ಬೇಡಿ, ಪುಸ್ತಕದ ಒಳಗೇ ಇರ್ಲಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯೋದು ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಅಕ್ಕಿ ಹಿಟ್ಟಿನ ಬಿಳೀಲಿ, ಪುಂಡಿ ನಾರಿನ ಕುಂಚದಿಂದ. ಗದ್ದೆ ಬದುವಲ್ಲಿ, ಅಡುಗೆಮನೇಲಿ ಸಿಗೋದ್ರಲ್ಲೇ ಅಂಥಾ ಸಣ್ಣ ಎಳೆ ಎಳೀತಾರೆ. ನಮಗೆ ಬಣ್ಣದ ಅಂಗಡಿ ದೂರ ಇದೆ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ನೆರಳು ಹಿಡಿಯೋದು

ಇದು ನನಗೆ ತುಂಬಾ ಇಷ್ಟದ್ದು, ಭಾನುವಾರಕ್ಕೆ ಇಟ್ಕೊಳ್ಳಿ. ಬೆಳಗ್ಗೆ ಹತ್ತು ಗಂಟೆಗೆ ಮರದ ನೆರಳಿನ ಅಂಚಿಗೆ ರಂಗೋಲಿ ಪುಡೀಲಿ ಗೆರೆ ಹಾಕಿ, ಹನ್ನೆರಡೂವರೆಗೆ ಒಂದು, ನಾಲ್ಕಕ್ಕೆ ಒಂದು. ಗಾಡಿ ಓಡಾಡೋ ರಸ್ತೆ ಆದ್ರೆ ಪೂರ್ತಿ ಬೇಡ, ಫುಟ್‌ಪಾತ್ ಮೇಲೆ ಬಿದ್ದಷ್ಟು ಸಾಕು. ಬೀದಿ ಮಕ್ಕಳೆಲ್ಲ ಬಂದು ಸೇರ್ಕೊಳ್ತಾರೆ, ಅವರ ಕೈಗೇ ಪುಡಿ ಕೊಟ್ಬಿಡಿ. ಆಮೇಲೆ ಮೂರು ಗೆರೇನೂ ಪುಸ್ತಕಕ್ಕೆ ಇಳಿಸ್ಕೊಳ್ಳಿ.

ಬೆಂಗಳೂರು ಹೆಚ್ಚೂಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ ಇರೋದ್ರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೆ ಸರಿಯಾಗಿ ಬರ್ತಾನೆ, ಶೂನ್ಯ ನೆರಳಿನ ದಿನ ಅಂತಾರೆ. ನೆಟ್ಟಗೆ ನಿಲ್ಸಿದ ಕೋಲಿಗೆ ಆ ಹೊತ್ತಲ್ಲಿ ನೆರಳೇ ಇರಲ್ಲ, ಮರದ ನೆರಳು ಸೀದಾ ಅದರ ಬುಡದ ಸುತ್ತಾನೇ ಬೀಳತ್ತೆ. ಆ ಎರಡು ದಿನದ ಮಧ್ಯೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ವಾಲತ್ತೆ, ಮಿಕ್ಕ ತಿಂಗಳು ಉತ್ತರಕ್ಕೆ, ಡಿಸೆಂಬರ್ ಕೊನೇಲಿ ಮಧ್ಯಾಹ್ನದಲ್ಲೂ ಮರದ ಎತ್ತರದ ಮುಕ್ಕಾಲು ಭಾಗದಷ್ಟು ಉದ್ದ ಇರತ್ತೆ. ಬೀದಿಯ ತಳ್ಳುಗಾಡಿ ಹೂವಿನಮ್ಮ ಬೇಸಿಗೇಲಿ ಒಂದ್ಕಡೆ, ಚಳೀಲಿ ಒಂದ್ಕಡೆ ಗಾಡಿ ನಿಲ್ಲಿಸ್ತಿದ್ರು, ಯಾಕೆ ಅಂತ ನಾನು ಎಂದೂ ಕೇಳಿರ್ಲಿಲ್ಲ, ಗೆರೆ ಹಾಕಿದ್ಮೇಲೆ ತಿಳೀತು. ಅವರಿಗೆ ಇದೆಲ್ಲ ಯಾವತ್ತೋ ಗೊತ್ತಿತ್ತು.

ತಿಂಗಳಿಗೊಂದ್ಸಲ ಬೇರೆಯವರು ಬರೆದಿದ್ದನ್ನ ನೋಡಿ

ಸ್ವಂತಕ್ಕೆ ಒಂದೆರಡು ತಿಂಗಳು ಬರೆದ್ಮೇಲೆ ಹೋಗಿ, ಮೊದಲೇ ಬೇಡ. ಕೈ ಒದ್ದಾಡಿದ ಮೇಲೆ ಗ್ಯಾಲರಿಗೆ ಹೋದ್ರೆ ಚಿತ್ರ ಬೇರೆ ತರ ಕಾಣತ್ತೆ, ಅಯ್ಯೋ ಇವರು ಈ ಮಂಜನ್ನ ಹೇಗಪ್ಪಾ ಮಾಡಿದ್ರು ಅಂತ ಹತ್ರ ಹೋಗಿ ನೋಡ್ತೀರ. ಕೆ. ವೆಂಕಟಪ್ಪ (1886–1965) ಅವರ ಊಟಿಯ ಜಲವರ್ಣ ಚಿತ್ರಗಳನ್ನ ಎಲ್ಲಾದ್ರೂ ನೋಡೋಕೆ ಸಿಕ್ರೆ ಬಿಡ್ಬೇಡಿ. ಮೈಸೂರಿನವರು, ಕಲ್ಕತ್ತೇಲಿ ಅವನೀಂದ್ರನಾಥ ಟ್ಯಾಗೋರರ ಹತ್ರ ಕಲಿತವರು, ವೀಣೆನೂ ನುಡಿಸ್ತಿದ್ರು. ಒಂದೇ ಬೆಟ್ಟದ ಸಾಲನ್ನ ಹೊತ್ತು ಹೊತ್ತಿಗೆ ಬದಲಾಗೋ ಬೆಳಕಲ್ಲಿ ಹಿಡಿಯೋ ತಾಳ್ಮೆ ಅವರದ್ದು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೇಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, ಸೋಮವಾರ ರಜಾ, ಒಳಗಿನ ಚಿತ್ರದ ಜೊತೆ ಹೊರಗಿನ ಹಳೇ ಮರಗಳನ್ನೂ ನೋಡಿ ಬನ್ನಿ. ಜನವರೀಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಕುಮಾರಕೃಪಾ ರಸ್ತೇಲಿ ಕಾಲಿಡೋಕೆ ಜಾಗ ಇರಲ್ಲ, ಬೆಳಗ್ಗೆ ಬೇಗ ಹೋದ್ರೆ ಕಲಾವಿದರು ಮಾತಿಗೆ ಸಿಗ್ತಾರೆ, ಹಸಿರು ಹೇಗೆ ಬೆರೆಸ್ತೀರ ಅಂತ ಧೈರ್ಯವಾಗಿ ಕೇಳಿ, ನಾನು ಕೇಳಿದವರೆಲ್ಲ ಖುಷಿಯಿಂದ ಹೇಳಿದ್ದಾರೆ.

ಲಾಲ್‌ಬಾಗಿಗೆ ಫ್ಲವರ್ ಶೋ ಬಿಟ್ಟು ಮಾಮೂಲಿ ದಿನ ಹೋಗಿ. 240 ಎಕರೆ ಜಾಗ, ಎಷ್ಟೋ ಮರಕ್ಕೆ ಹೆಸರಿನ ಬೋರ್ಡ್ ಇದೆ, ನಿಮ್ಮ ಬೀದಿ ಮರದ ಹೆಸರು ಗೊತ್ತಿಲ್ಲ ಅಂದ್ರೆ ಒಂದು ಎಲೆ ಪುಸ್ತಕದಲ್ಲಿಟ್ಕೊಂಡು ಹೋಗಿ ಹೋಲಿಸಿ. ಅಲ್ಲಿರೋ ದೊಡ್ಡ ಬಂಡೆ ಮೇಲೆ ಕೂತು ಬರೀರಿ, ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಅದರ ಮೇಲೆ ಕೂತಾಗ ನನ್ನ ಆಫೀಸಿನ ಡೆಡ್‌ಲೈನ್ ತಲೇಲಿ ಸ್ವಲ್ಪ ಹೊತ್ತು ಹಿಂದಕ್ಕೆ ಸರಿಯತ್ತೆ.

ಬಿಟ್ಟುಹೋದಾಗ, ಕೊಂಬೆ ಹೋದಾಗ

ಬಿಟ್ಟುಹೋಗೇ ಹೋಗತ್ತೆ. ಮನೇಲಿ ಮದುವೆ, ಮಗೂಗೆ ಜ್ವರ, ಆಡಿಟ್, ಏನೋ ಒಂದು. ಒಂದು ತಿಂಗಳು ಖಾಲಿ ಬಿದ್ರೆ ಆ ತಿಂಗಳ ಪುಟ ತುಂಬಿಸೋಕೆ ಹೋಗ್ಬೇಡಿ, ಇವತ್ತಿನ ತಾರೀಖು ಹಾಕಿ ಇವತ್ತಿನ ಎಲೆ ಬರೀರಿ.

ನಮ್ಮ ಎರಡನೇ ಮಳೆಗಾಲದಲ್ಲಿ ಕರೆಂಟ್ ವೈರಿಗೆ ತಾಗತ್ತೆ ಅಂತ ಬಂದವರು ಕಿಟಕಿ ಕಡೆಯ ದೊಡ್ಡ ಕೊಂಬೇನ ಬುಡಕ್ಕೇ ತೆಗೆದ್ಬಿಟ್ರು. ತುದಿ ಸವರಿದ್ರೆ ಸಾಕಾಗ್ತಿತ್ತು. ನಾನು ಆಫೀಸಲ್ಲಿದ್ದೆ, ಅಮ್ಮ ಕೋಲು ಊರ್ಕೊಂಡು ಗೇಟಿನ ತನಕ ಹೋಗಿ ಕೂಗಿದ್ರಂತೆ, ಅಷ್ಟೊತ್ತಿಗೆ ಮುಗಿದಿತ್ತು. ಎರಡು ದಿನ ಅಮ್ಮ ಪುಸ್ತಕ ಮುಟ್ಲಿಲ್ಲ. ಮೂರನೇ ದಿನ ಕಡಿದ ಜಾಗದ ಬಿಳೀ ಗಾಯ ಬರೆದ್ರು, ಉಂಗುರ ಉಂಗುರವಾಗಿ, ಪೆನ್ನಲ್ಲಿ. ನಿಮಗೂ ಹೀಗಾದ್ರೆ ಅದನ್ನೂ ಬರೀರಿ, ತಾರೀಖು ಹಾಕಿ, ಫೋಟೋನೂ ತೆಗೆದಿಡಿ. ಇಡೀ ಮರಾನೇ ಕಡಿಯೋಕೆ ಬಂದ್ರೆ ಅನುಮತಿ ಪತ್ರ ತೋರ್ಸಿ ಅಂತ ಕೇಳಿ, 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮೂರು ವರ್ಷದ ಪುಸ್ತಕ ಕೈಯಲ್ಲಿದ್ರೆ ಮಾತಾಡೋ ದನಿಯೇ ಬೇರೆ ಇರತ್ತೆ.

ಎರಡನೇ ವರ್ಷ

ಹೊಸ ಪುಸ್ತಕ ಶುರು ಮಾಡುವಾಗ ಹಳೇದನ್ನ ಪಕ್ಕದಲ್ಲಿ ತೆರೆದಿಟ್ಕೊಳ್ಳಿ, ಹೋದ ವರ್ಷದ ಅದೇ ವಾರದ ಪುಟ. ಸುತ್ತಳತೆ ಮತ್ತೆ ತಗೊಳ್ಳಿ, ಅದೇ ಎತ್ತರದಲ್ಲಿ. ಚಿಗುರು ಯಾವತ್ತು ಬಂತು, ಮೊದಲ ಹೂ ಯಾವತ್ತು ಬಿತ್ತು ಅಂತ ಕೊನೇ ಪುಟದಲ್ಲಿ ಒಂದು ಪಟ್ಟಿ ಮಾಡ್ತಾ ಹೋಗಿ. ನಮ್ಮ ಹೊಂಗೆ ಈ ಸಲ ಹೋದ ವರ್ಷಕ್ಕಿಂತ ಒಂಬತ್ತು ದಿನ ಮುಂಚೆ ಚಿಗುರಿತು. ಕಡಿದ ಕೊಂಬೆಯ ಗಾಯದ ಅಂಚಿಂದ ಏಳು ಹೊಸ ಕವಲು ಬಂದಿವೆ, ಅದರಲ್ಲಿ ಎರಡು ಕಿಟಕಿ ಕಡೆಗೇ ತಿರುಗಿವೆ. ಅಮ್ಮ ಈಗ ಎತ್ತರದ ಸ್ಟೂಲಿನ ಮೇಲೆ ಕೂತು ಬಾಗಿಲ ಪಕ್ಕದ ಕಟ್ಟೆ ಮೇಲೆ ಸಣ್ಣ ರಂಗೋಲಿ ಬಿಡ್ತಾರೆ, ಹೋದ ವಾರ ನೋಡಿದ್ರೆ ಚುಕ್ಕಿ ನಡುವೆ ಹೊಂಗೆ ಎಲೆ ಬಂದಿತ್ತು, ಮೂರು ಜೋಡಿ, ತುದೀಲಿ ಒಂಟಿ ಒಂದು.